ಅತ್ತೆ ಕರಡಿಯಾಗಿ ಬಂದ ದಿನ

ರಷ್ಯಾದ ನಮ್ಮ ಪೊಗೊರೆಲ್ಕಾ ಹಳ್ಳಿಯಲ್ಲಿ ಕಳ್ಳರ ಕಾಟ ಶುರುವಾದದ್ದು ಪಟ್ಟಣದವರ ಬೇಸಿಗೆ ಮನೆಗಳಿಂದ. ಅವರು ಆಲೂಗಡ್ಡೆ ಕಿತ್ತು, ಕಿಟಕಿಗಳಿಗೆ ಹಲಗೆ ಬಡಿದು ಹೊರಟರೆಂದರೆ ಮತ್ತೆ ಮುಖ ತೋರಿಸುವುದು ಹಿಮ ಕರಗಿದ ಮೇಲೆಯೇ. ಮೊದಲು ಒಂದು ಮನೆಯ ಕೆಟಲ್ ಹೋಯಿತು. ಆಮೇಲೆ ಇನ್ನೊಂದು ಮನೆಯ ನೀರೆತ್ತುವ ಪಂಪು ಹೋಯಿತು. ಅಯ್ಯೋ ಪಾಪ ಎಂದು ನಾವು ನಮ್ಮ ಪಾಡಿಗೆ ನಾವಿದ್ದೆವು. ಒಂದು ಬೆಳಿಗ್ಗೆ ಲಿಯೊನಿದ್‌ನ ಹಿತ್ತಲಿನಲ್ಲಿ ಬೇರೆಯಾಗಿರುವ ಸ್ನಾನದ ಮನೆಯಿಂದ ಅವನ ಮೋಟಾರ್ ಗರಗಸವೇ ಮಾಯವಾದಾಗ ಮಾತ್ರ ಊರಿಗೆ ಊರೇ ಬೀಗ ಹುಡುಕತೊಡಗಿತು.

ನಾನು ತಾಯ್ಸಿಯಾ, ಲಿಯೊನಿದ್‌ನ ಪಕ್ಕದ ಮನೆಯವಳು. ಅವನ ಹೆಂಡತಿ ರಿಮ್ಮಾ ನನ್ನ ಗೆಳತಿ. ನಮ್ಮ ಎರಡು ಮನೆಗಳ ನಡುವೆ ಒಂದು ಬೇಲಿ, ಬೇಲಿಯಲ್ಲೊಂದು ಕಂಡಿ. ಉಪ್ಪು, ಯೀಸ್ಟು, ಊರಿನ ಸುದ್ದಿ ಎಲ್ಲವೂ ಆ ಕಂಡಿಯಲ್ಲೇ ಓಡಾಡುತ್ತವೆ. ಇಲ್ಲಿ ಹೇಳುವುದನ್ನೆಲ್ಲ ನಾನೇ ಕಣ್ಣಾರೆ ಕಂಡಿದ್ದೇನೆ, ಇಲ್ಲವೇ ರಿಮ್ಮಾ ಬಾಯಿಂದ ಕೇಳಿದ್ದೇನೆ.

ಲಿಯೊನಿದ್, ನಮ್ಮೆಲ್ಲರ ಬಾಯಲ್ಲಿ ಲ್ಯೋನ್ಯಾ, ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವನ ಮೇಲೆ ಸಿಟ್ಟಾಗಬಾರದು. ಅವನ ಅತ್ತೆ ಕಪಿತೊಲಿನಾ ಅಜ್ಜಿ ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದಾಳೆ. ಪ್ರತಿ ಶನಿವಾರ ಅವನು ಅವಳಿಗಾಗಿ ಸ್ನಾನದ ಮನೆ ಕಾಯಿಸುತ್ತಾನೆ, ನೀರು ಹೊರುತ್ತಾನೆ, ಹಬೆಯಲ್ಲಿ ಮೈಗೆ ಬಡಿದುಕೊಳ್ಳಲು ಬರ್ಚ್ ಎಲೆಯ ಕಟ್ಟು ನೆನೆಹಾಕುತ್ತಾನೆ. ಸ್ವಂತ ಮಗನೂ ಅಷ್ಟು ಮಾಡಲಾರ. ಅಜ್ಜಿಯೂ ಅಷ್ಟೇ, ಮಗಳನ್ನು ಬೈದರೂ ಬೈದಾಳು, ಅಳಿಯನಿಗೆ ಒಂದು ಮಾತು ಅಂದವಳಲ್ಲ. ಕೀಟಲೆ ಮಾತ್ರ ಬಿಡುವುದಿಲ್ಲ.

ಗರಗಸ ಹೋದ ಮೇಲೆ ಲಿಯೊನಿದ್ ಜಿಲ್ಲಾ ಪಟ್ಟಣಕ್ಕೆ ನಾಲ್ಕಾರು ಸಲ ಓಡಾಡಿದ. ಒಂದು ದಿನ ಅಂಗಡಿಯಲ್ಲಿ ನಾವು ಬ್ರೆಡ್ಡಿನ ಗಾಡಿಗೆ ಕಾಯುತ್ತಿದ್ದಾಗ ಕೋಟಿನೊಳಗಿಂದ ಒಂದು ಕಪ್ಪು ಪಿಸ್ತೂಲು ತೆಗೆದು ಎಲ್ಲರಿಗೂ ತೋರಿಸಿದ. ಅಂಗಡಿಯವಳು ಕಿಟಾರನೆ ಕಿರುಚಿದಳು.

"ಹೆದರ್ಕೋಬೇಡಿ, ನಿಜವಾದ ಗುಂಡಲ್ಲ, ರಬ್ಬರು!" ಎಂದು ಅವನು ನಕ್ಕ. "ಲೈಸೆನ್ಸ್ ಇದೆ, ಡಾಕ್ಟರ ಚೀಟಿ ಇದೆ, ತರಬೇತೀನೂ ಮುಗ್ಸಿದೀನಿ. ಕಳ್ಳ ಬಂದ ಅಂದ್ಕೊಳ್ಳಿ, ತೊಡೆಗೊಂದು ಬಿಟ್ರೆ ಕುಂಟ್ಕೊಂಡು ಓಡ್ತಾನೆ. ಅವನು ಸಾಯೋದೂ ಇಲ್ಲ, ನಾನು ಜೈಲಿಗೆ ಹೋಗೋದೂ ಇಲ್ಲ."

ಸಾಲಿನಲ್ಲಿ ನಮ್ಮೂರ ಆರೋಗ್ಯ ಕೇಂದ್ರದ ಝೋಯಕ್ಕ ನಿಂತಿದ್ದಳು. ಊರಿನ ಅರ್ಧ ಜನರ ಹೆರಿಗೆ ಮಾಡಿಸಿದವಳು, ಉಳಿದರ್ಧ ಜನರಿಗೆ ಸೂಜಿ ಚುಚ್ಚಿದವಳು. ಅವಳಿಗೆ ಯಾರ ಮುಲಾಜೂ ಇಲ್ಲ.

"ಸಾಯೋದಿಲ್ಲ ಅಂತ ಯಾರು ಹೇಳಿದ್ರೋ?" ಎಂದಳು.

"ಮಾರಿದವನೇ ಹೇಳ್ದ."

"ಮಾರೋನು ಇನ್ನೇನು ಹೇಳ್ತಾನೆ? ಜಿಲ್ಲಾ ಆಸ್ಪತ್ರೇಲಿ ನಾನು ಒಬ್ಬ ಹುಡುಗನ್ನ ನೋಡಿದೀನಿ. ಕಾರು ನಿಲ್ಸೋ ಜಾಗಕ್ಕೆ ಜಗಳ ಆಯ್ತಂತೆ, ಎದುರಿನವನು ಇದೇ ಥರದ್ದು ತೆಗೆದು ಹೊಡೆದ್ನಂತೆ. ಆ ಹುಡುಗನಿಗೆ ಈಗ ಒಂದೇ ಕಣ್ಣು. ಕುತ್ತಿಗೆಗೋ ತಲೆಗೋ ಬಿದ್ರೆ ಜೀವಾನೇ ಹೋಗುತ್ತೆ. ಹತ್ತಿರದಿಂದ ಹೊಡೆದ್ರೆ ಎದೆಯೊಳಕ್ಕೇ ಇಳಿಯುತ್ತೆ. ಕೊಲ್ಲೋಕೆ ಅಂತ ಮಾಡಿದ್ದಲ್ಲ, ಒಪ್ಪಿದೆ. ಹಾಗಂತ ಕೊಲ್ಲಬೇಡ ಅಂತ ಆ ಗುಂಡಿಗೆ ಯಾರು ಹೇಳ್ಕೊಟ್ಟಿದಾರೆ?"

"ಝೋಯಕ್ಕಾ, ನಮ್ಮಪ್ಪನ ಬೇಟೆ ಕೋವಿ ಮನೇಲಿ ಇಲ್ವಾ? ಅದಕ್ಕಿಂತ ಇದು ಮೇಲಲ್ವಾ?"

"ನಿಮ್ಮಪ್ಪ ಆ ಕೋವೀನ ಯಾವತ್ತಾದ್ರೂ ಮನುಷ್ಯರ ಕಡೆ ತಿರುಗಿಸಿದ್ರಾ?"

"ಛೆ ಛೆ, ಕುಡಿದಾಗ್ಲೂ ಇಲ್ಲ."

"ಯಾಕೆ ಅಂದ್ರೆ ಅದು ಕೊಲ್ಲುತ್ತೆ ಅಂತ ಅವರಿಗೆ ಗೊತ್ತಿತ್ತು. ಇದು ಕೊಲ್ಲಲ್ಲ ಅಂತ ನೀನು ನಂಬಿದೀಯ. ಅದಕ್ಕೇ ನೋಡು, ಬ್ರೆಡ್ಡಿನ ಸಾಲಲ್ಲೇ ಹೊರಗೆ ತೆಗ್ದೆ. ಕಳ್ಳನ ಭಯ ಇದ್ರೆ ಬೀದಿ ತುದೀಲಿ ಕಂಬಿ ನೇತಾಡ್ತಿದೆಯಲ್ಲ, ಅದನ್ನ ಬಡಿ. ಊರೇ ಬರುತ್ತೆ."

ಹಿಂದೊಮ್ಮೆ ನಮ್ಮೂರು ಪೂರ್ತಿ ಸುಟ್ಟುಹೋಗಿತ್ತಂತೆ. ಅಂದಿನಿಂದ ಬೀದಿಯ ತುದಿಯಲ್ಲಿ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದಾರೆ, ಬೆಂಕಿ ಬಿದ್ದರೆ ಬಡಿಯಲೆಂದು. ಈಗೀಗ ಅದರ ಮೇಲೆ ಕೋಳಿ ಕೂರುವುದು ಬಿಟ್ಟರೆ ಬೇರೇನೂ ಆಗುತ್ತಿರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ನಾನೂ ನಕ್ಕೆ.

ಅಳಿಯನ ಪಿಸ್ತೂಲಿನ ಸುದ್ದಿ ಕೇಳಿ ಕಪಿತೊಲಿನಾ ಅಜ್ಜಿ, "ಅಳಿಯಂದ್ರೇ, ಕಳ್ಳ ನನ್ನ ಮನೆಗೆ ಬಂದ್ರೆ ಏನು ಕದೀತಾನೆ? ಬೇಕಾದ್ರೆ ನನ್ನನ್ನೇ ಹೊತ್ಕೊಂಡು ಹೋಗ್ಲಿ, ನಾಲ್ಕು ದಿನ ಸಾಕಿ ನೋಡ್ಲಿ. ಅವನೇ ವಾಪಸ್ ತಂದುಬಿಡ್ತಾನೆ" ಎಂದಳು.

ಲಿಯೊನಿದ್ ಏನು ಮಾಡಿದರೂ ಅವನ ಮೀನು ಹಿಡಿಯುವ ಜೊತೆಗಾರ ವೆನ್ಯಾ ಅದನ್ನೇ ಮಾಡಬೇಕು. ಟ್ರಾಕ್ಟರ್ ಓಡಿಸುವ ಈ ವೆನ್ಯಾ ಬೇರೆ ಬೀದಿಯಲ್ಲೇ ಇದ್ದರೂ ಲಿಯೊನಿದ್ ಉಣ್ಣೆ ಬೂಟು ಕೊಂಡರೆ ತಾನೂ ಕೊಳ್ಳುವ ಆಸಾಮಿ. ಹಿಮ ಬೀಳುವ ಹೊತ್ತಿಗೆ ಅವನ ಜೇಬಿನಲ್ಲೂ ಒಂದು ರಬ್ಬರ್ ಗುಂಡಿನ ಪಿಸ್ತೂಲಿತ್ತು. ಇವರಿಬ್ಬರನ್ನು ನೋಡಿ ಕೆಳಗಿನ ಬೀದಿಯ ಮರಗೆಲಸದವನೂ ಒಂದು ತಂದ. ರಸ್ತೆಯ ಹಿಮ ತೆಗೆಯುವ ಸರದಿ ಯಾರದೆಂದು ಅಂಗಡಿ ಮುಂದೆ ವಾದ ಎದ್ದಾಗ ವೆನ್ಯಾ ಬಾಯಿ ಬಿಡದೆ ಸುಮ್ಮನೆ ಕೈಯನ್ನು ಕೋಟಿನೊಳಗೆ ಇಟ್ಟ. ಎದುರಿಗಿದ್ದವನು ಹಿಂದೆ ಸರಿದ. ಆ ದಿನದಿಂದ ಸಾಲಿನಲ್ಲಿ ಜಗಳ ನಿಂತಿತು. ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ಜಗಳದ ಜೊತೆ ಮಾತೂ ನಿಂತುಹೋಯಿತು. ಬ್ರೆಡ್ಡು ತಗೊಂಡು ಎಲ್ಲರೂ ನೆಲ ನೋಡಿಕೊಂಡು ಮನೆಗೆ ಹೋಗತೊಡಗಿದರು.

ಇಷ್ಟರಲ್ಲಿ ಕ್ರಿಸ್ಮಸ್ ಕಳೆದು ವೇಷದ ದಿನಗಳು ಬಂದವು.

ವೇಷದ ದಿನಗಳೆಂದರೆ ನಮಗೆ ವರ್ಷದ ಜೀವ. ಕುರಿ ಚರ್ಮದ ಕೋಟನ್ನು ತಿರುಗಿಸಿ, ತುಪ್ಪಳದ ಒಳಮೈ ಹೊರಗೆ ಬರುವಂತೆ ತೊಟ್ಟರೆ ಕರಡಿಯಾಯಿತು. ಕೋಲಿಗೆ ಕೊಂಬು ಕಟ್ಟಿದರೆ ಮೇಕೆಯಾಯಿತು. ನಾರಿನ ಗಡ್ಡ ಅಂಟಿಸಿದರೆ ಹೆಂಗಸೂ ಮುದುಕನಾದಳು. ಮುಖ ಮುಚ್ಚಿಕೊಂಡು ಮನೆಮನೆಗೆ ನುಗ್ಗುವುದು, ಕುಣಿಯುವುದು, ಗಲಾಟೆ ಮಾಡುವುದು. ಒಂದೇ ನಿಯಮ: ವೇಷದವರು ತಮ್ಮ ಸ್ವಂತ ದನಿಯಲ್ಲಿ ಮಾತಾಡುವಂತಿಲ್ಲ. ಕೀಚಲು ದನಿಯಲ್ಲೋ, ಗುರುಗುಟ್ಟಿಯೋ ಸುಧಾರಿಸಬೇಕು. ಯಾರೆಂದು ಮನೆಯವರು ಊಹಿಸಬೇಕು. ಊಹಿಸಿದರೆ ಮುಖವಾಡ ತೆಗೆದು, ಮೇಜಿಗೆ ಕೂತು, ಕೋಸಿನ ಹೂರಣದ ಪಿರೋಗ್ ತಿನ್ನುವುದು. ದನಿ ಬಿಟ್ಟುಕೊಟ್ಟವರು ಮುಂದಿನ ವರ್ಷದವರೆಗೂ ಊರಿನ ನಗೆಪಾಟಲು.

ಕರಡಿ ಯಾವತ್ತೂ ಕಪಿತೊಲಿನಾ ಅಜ್ಜಿಯೇ. ಅವಳು ಮದುವಣಗಿತ್ತಿಯಾಗಿದ್ದಾಗಿನಿಂದಲೂ ಅವಳೇ. ಊರಿಗೆಲ್ಲ ಗೊತ್ತು, ಆದರೂ ಗೊತ್ತಿಲ್ಲದವರ ಹಾಗೆ ನಟಿಸುತ್ತೇವೆ. ಲಿಯೊನಿದ್‌ನದಂತೂ ಅದರಲ್ಲಿ ಎತ್ತಿದ ಕೈ. ಕರಡಿ ಒಳಗೆ ಬಂದ ಕೂಡಲೇ ಮೂಲೆಯ ಪೊರಕೆಯನ್ನು ಕೋವಿಯಂತೆ ಹಿಡಿದು, "ಯಾರದು? ಮಾತಾಡು, ಇಲ್ದಿದ್ರೆ ಹೊಡೀತೀನಿ!" ಎಂದು ಅಬ್ಬರಿಸುತ್ತಿದ್ದ. ಕರಡಿ ಎರಡೂ ಕೈ ಎತ್ತಿಕೊಂಡು ಅವನ ಮೇಲೇ ಬರುತ್ತಿತ್ತು. ಅವನು ಢಂ ಎನ್ನುತ್ತಿದ್ದ. ಕರಡಿ ಬಿದ್ದು ಹೊರಳಾಡುತ್ತಿತ್ತು. ಇಡೀ ಮನೆ ನಗುತ್ತಿತ್ತು. ಪ್ರತಿ ವರ್ಷವೂ ಇದೇ ಆಟ.

ಆ ವರ್ಷ ನಾವು ಮೂವರು ಹೊರಟೆವು. ಅಜ್ಜಿ ಕರಡಿ, ನಾನು ಮೇಕೆ, ರಿಮ್ಮಾ ಗಡ್ಡದ ಮುದುಕ. ರಿಮ್ಮಾ ಗಂಡನಿಗೆ, "ಅಮ್ಮನ ಮನೇಲಿ ಪಿರೋಗ್ ಸುಡೋಕೆ ಹೋಗ್ತೀನಿ" ಎಂದು ಹೇಳಿ ಬಂದಿದ್ದಳು. ಮೊದಲು ಅವರ ಮನೆಗೇ ಹೋಗುವುದೆಂದು ಅಜ್ಜಿಯ ಹಟ. ನಮ್ಮ ಕಡೆ ಆ ದಿನಗಳಲ್ಲಿ ಮಧ್ಯಾಹ್ನದ ಚಹಾ ಮುಗಿಯುವಷ್ಟರಲ್ಲೇ ಕತ್ತಲಾಗಿರುತ್ತದೆ.

ಮುಂಬಾಗಿಲು ತಳ್ಳಿದರೆ ತೆಗೆಯಲಿಲ್ಲ. ವೇಷದ ದಿನಗಳಲ್ಲಿ ನಮ್ಮೂರಲ್ಲಿ ಯಾರೂ ಅಗುಳಿ ಹಾಕುವುದಿಲ್ಲ. ಲಿಯೊನಿದ್ ಹೊಸ ಕಬ್ಬಿಣದ ಅಗುಳಿ ಹಾಕಿಸಿದ್ದ, ಅದನ್ನು ಎಳೆದುಕೊಂಡಿದ್ದ. ಅಜ್ಜಿ ತುಪ್ಪಳದ ಕೈ ಆಡಿಸಿ, ಹಿಂದಿನಿಂದ ಬನ್ನಿ ಎಂದು ಸನ್ನೆ ಮಾಡಿದಳು. ಆ ಮನೆ ಅವಳೇ ಮಗಳಿಗೆ ಕೊಟ್ಟದ್ದು, ದನದ ಕೊಟ್ಟಿಗೆಯೊಳಗಿಂದ ಮನೆಗೆ ಹೋಗುವ ದಾರಿ ಅವಳಿಗೆ ಗೊತ್ತು. ಹುಲ್ಲಿನ ಮೇಲೆ ಎಡವಿ, ಹಸುವಿಗೆ ಡಿಕ್ಕಿ ಹೊಡೆದು, ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದು ನಾವು ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದೆವು.

ಲಿಯೊನಿದ್ ಸ್ನಾನ ಮಾಡಿ ಬಂದು ಒಲೆಯ ಪಕ್ಕದ ಬೆಂಚಿನ ಮೇಲೆ ತೂಕಡಿಸುತ್ತಿದ್ದ. ದೀಪ ಹಚ್ಚಿರಲಿಲ್ಲ. ವೇಷದವರು ಯಾವತ್ತೂ ಬಾರದ ಕೊಟ್ಟಿಗೆಯ ಕಡೆಯ ಸದ್ದಿಗೆ ಅವನಿಗೆ ಎಚ್ಚರವಾಗಿದೆ. ಒಲೆಯ ಬೆಂಕಿಯ ಬೆಳಕಿನಲ್ಲಿ ಅವನಿಗೆ ಕಂಡದ್ದು ಬಾಗಿಲು ತುಂಬ ನಿಂತ ಮೂರು ಕಪ್ಪು ಆಕಾರಗಳು.

"ಯಾರದು? ಮಾತಾಡು, ಇಲ್ದಿದ್ರೆ ಹೊಡೀತೀನಿ!"

ಅದೇ ಮಾತು. ಪ್ರತಿ ವರ್ಷದ ಅದೇ ಮಾತು. ಅಜ್ಜಿಗೆ ಖುಷಿಯಾಗಿ ಗುರ್ರೆಂದಳು, ಎರಡೂ ಕೈ ಎತ್ತಿದಳು, ಅವನ ಮೇಲೇ ಹೋದಳು. ಅವನ ಕೈಯಲ್ಲಿದ್ದದ್ದು ಪೊರಕೆಯಲ್ಲ ಎಂದು ನನಗೆ ಕಂಡಿತು. ನಿಯಮ ಮರೆತು, "ಲ್ಯೋನ್ಯಾ, ಬೇಡ್ವೋ! ನಿಮ್ಮತ್ತೆ ಕಣೋ!" ಎಂದು ಕಿರುಚಿದೆ. ಅಷ್ಟರಲ್ಲಿ ಆಗಿಹೋಗಿತ್ತು. ಆ ಪುಟ್ಟ ಅಡುಗೆಮನೆಯಲ್ಲಿ ಆ ಸದ್ದು ಎಷ್ಟು ದೊಡ್ಡದಾಗಿತ್ತೆಂದರೆ ಹಸು ಕಟ್ಟಿದ ಹಗ್ಗ ಕಿತ್ತುಕೊಂಡಿತು.

ಕರಡಿ ಮೆಲ್ಲಗೆ ನೆಲದ ಮೇಲೆ ಕೂತಿತು. ಮುಖಕ್ಕೆ ಕಟ್ಟಿಕೊಂಡ ಬಟ್ಟೆಯನ್ನು ತಾನೇ ಎಳೆದು ತೆಗೆಯಿತು. ಬಿಳಿಚಿದ ಮುಖ, ಕೆದರಿದ ಬಿಳಿ ಕೂದಲು. ಅಜ್ಜಿ ಅಳಿಯನನ್ನೇ ನೋಡುತ್ತಾ ಕೇಳಿದಳು:

"ಲ್ಯೋನ್ಯಾ... ಪೊರಕೆ ಎಲ್ಲೋ?"

ಲಿಯೊನಿದ್ ಪಿಸ್ತೂಲು ಬಿಸಾಡಿ ಅವಳ ಕಾಲ ಬಳಿ ಕುಸಿದ. ಗಡ್ಡದ ಮುದುಕನಾಗಿದ್ದ ರಿಮ್ಮಾ ಗಡ್ಡವನ್ನೂ ತೆಗೆಯದೆ, ಅಮ್ಮಾ ಅಮ್ಮಾ ಎಂದು ಅರಚುತ್ತಿದ್ದಳು. ನಾನು ಕೊಂಬಿನ ಕೋಲನ್ನು ಹಿಡಿದುಕೊಂಡೇ ಝೋಯಕ್ಕನ ಮನೆಗೆ ಓಡಿದೆ.

ಕುರಿ ಚರ್ಮದ ಕೋಟು ಅಜ್ಜಿಯ ಜೀವ ಉಳಿಸಿತು. ಪಕ್ಕೆಲುಬು ಮುರಿದಿತ್ತು, ಅಂಗೈ ಅಗಲ ಮಾಂಸ ಕಪ್ಪಗಾಗಿತ್ತು. ಝೋಯಕ್ಕ ಪಟ್ಟಿ ಕಟ್ಟಿ, ಆಂಬುಲೆನ್ಸಿಗೆ ಫೋನು ಮಾಡಿ, ಲಿಯೊನಿದ್‌ನ ಕಡೆ ತಿರುಗಿ ಒಂದೇ ಮಾತು ಹೇಳಿದಳು: "ಒಂದು ಗೇಣು ಮೇಲಕ್ಕೆ ಹೋಗಿದ್ರೆ ಕುತ್ತಿಗೆ. ಅಲ್ಲಿ ಕೋಟಿರಲಿಲ್ಲ."

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಪೊಲೀಸರು ಬಂದು ಪಿಸ್ತೂಲು ತೆಗೆದುಕೊಂಡು ಹೋದರು. ಅಜ್ಜಿ ಹಾಸಿಗೆಯ ಮೇಲಿಂದಲೇ ಅವರಿಗೆ, "ಆಟ ಆಡ್ತಿದ್ವಿ ಕಣಪ್ಪಾ. ಕರಡಿ ವೇಷ ಹಾಕ್ಕೊಂಡು ಹಿಂಬಾಗಿಲಿಂದ ನುಗ್ಗಿದ್ದು ನಾನು. ನನ್ನ ಅಳಿಯನ್ನ ಹಿಡ್ಕೊಂಡು ಹೋದ್ರೆ ಶನಿವಾರ ನನಗೆ ಸ್ನಾನಕ್ಕೆ ನೀರು ಕಾಯ್ಸೋರು ಯಾರು, ನೀನಾ?" ಎಂದಳು. ದೂರು ಕೊಡಲಿಲ್ಲ. ವಿಚಾರಣೆಯೆಲ್ಲ ಮುಗಿದು ಬೇಸಿಗೆಯಲ್ಲಿ ಪಿಸ್ತೂಲು ವಾಪಸು ಬಂತು.

ಅದನ್ನು ಲಿಯೊನಿದ್ ಹೊಳೆಗೆ ಎಸೆದ ಎಂದುಕೊಂಡಿರಾ? ಇಲ್ಲ. ಮನುಷ್ಯ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಕಬ್ಬಿಣದ ಪೆಟ್ಟಿಗೆ ತಂದು, ಅದರಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟ. ಅತ್ತೆಯ ಮುಂದೆ ತಲೆ ಎತ್ತುತ್ತಿರಲಿಲ್ಲ. ಸ್ನಾನದ ಮನೆ ಕಾಯಿಸಿ, ನೀರು ತುಂಬಿಸಿ, ಅವಳು ಬರುವ ಮೊದಲೇ ಅಲ್ಲಿಂದ ಜಾರಿಕೊಳ್ಳುತ್ತಿದ್ದ.

ಒಂದು ದಿನ ಝೋಯಕ್ಕ ಅಜ್ಜಿಯ ಪಕ್ಕೆ ನೋಡಲು ಬಂದಳು. ನಾನು, ರಿಮ್ಮಾ, ಲಿಯೊನಿದ್ ಎಲ್ಲರೂ ಅಲ್ಲೇ ಇದ್ದೆವು. ಚಹಾ, ಕರಂಟ್ ಹಣ್ಣಿನ ಜಾಮು ಮೇಜಿನ ಮೇಲಿತ್ತು.

"ಕೊಟ್ಬಿಡೋ ಅದನ್ನ. ಪೊಲೀಸ್ ಠಾಣೇಲಿ ತಗೋತಾರೆ" ಎಂದಳು ಝೋಯಕ್ಕ.

"ತಪ್ಪು ಪಿಸ್ತೂಲಿನದಲ್ಲ ಅಕ್ಕಾ, ನಂದು. ಇನ್ಮೇಲೆ ಹುಷಾರಾಗಿರ್ತೀನಿ."

"ಹುಷಾರಾಗಿರೋಕೆ ಆವತ್ತು ನಿನಗೆ ಎಷ್ಟು ಹೊತ್ತು ಸಿಕ್ತು?"

ಲಿಯೊನಿದ್ ಚಮಚವನ್ನು ಲೋಟದಲ್ಲಿ ತಿರುಗಿಸುತ್ತಾ ಕೂತ.

"ನೀನು ಕೆಟ್ಟವನಲ್ಲ, ಕುಡಿದಿರಲಿಲ್ಲ, ತರಬೇತಿ ಮುಗ್ಸಿದ್ದೆ, ಲೈಸೆನ್ಸ್ ಇತ್ತು" ಎಂದಳು ಝೋಯಕ್ಕ, ಈ ಸಲ ಮೆತ್ತಗೆ. "ಎಲ್ಲ ಸರಿಯಾಗಿದ್ದೂ ಹೀಗಾಯ್ತು. ಭಯ ಬಿದ್ದವನ ಕೈ ಮೊದಲು ಆಡುತ್ತೆ, ತಲೆ ಆಮೇಲೆ. ಕೈಗೆ ಪೊರಕೆ ಸಿಕ್ಕಿದ್ರೆ ಪೊರಕೆ, ಇದು ಸಿಕ್ಕಿದ್ರೆ ಇದು."

"ಮತ್ತೆ ಕಳ್ಳ ನಿಜವಾಗ್ಲೂ ಬಂದ್ರೆ? ಇವರನ್ನೆಲ್ಲ ನೋಡ್ಕೊಳ್ಳೋರು ಯಾರು?" ಅವನ ದನಿ ಒಡೆದಿತ್ತು. ಆಗ ನನಗೆ ಅರ್ಥವಾಯಿತು, ಈ ಮೊಂಡ ಆ ಹಾಳು ಕಬ್ಬಿಣವನ್ನು ಪ್ರೀತಿಗಾಗಿಯೇ ಅವಚಿಕೊಂಡಿದ್ದ.

ಕಪಿತೊಲಿನಾ ಅಜ್ಜಿ ಜಾಮಿನ ಬಟ್ಟಲನ್ನು ಅವನ ಕಡೆ ತಳ್ಳಿದಳು. "ನಾನು ಬೈಯೋದಿಲ್ಲಪ್ಪಾ. ಪಕ್ಕೆಲುಬು ಕೂಡ್ಕೊಂಡಿದೆ. ಈ ಚಳಿಗಾಲ ಮತ್ತೆ ಕರಡಿ ಆಗ್ತೀನಿ. ಆದ್ರೆ ಆ ಪೆಟ್ಟಿಗೆ ಇರೋ ಮನೆಗೆ ಕರಡಿ ಬರೋದಿಲ್ಲ. ವೆನ್ಯಾ ಮನೆಗೂ ಇಲ್ಲ, ಮರಗೆಲಸದವನ ಮನೆಗೂ ಇಲ್ಲ. ಇನ್ನೂ ಎಷ್ಟು ಮನೇಲಿ ಇದೆಯೋ ನನಗೇನು ಗೊತ್ತು? ಹಾಗಾದ್ರೆ ನಾನು ಯಾರ ಮನೆ ಬಾಗಿಲು ತಟ್ಟಲಿ, ನೀನೇ ಹೇಳು."

ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಜಾಮೂ ಮುಟ್ಟಲಿಲ್ಲ.

ಅಕ್ಟೋಬರಿನಲ್ಲಿ ಕಳ್ಳರು ನಿಜವಾಗಿಯೇ ಬಂದರು. ಬೆಳಗಾಗಿತ್ತು, ಆದರೆ ಹೊಳೆಯ ಕಡೆಯಿಂದ ಎದ್ದ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೇಲಿಯ ಬಳಿಯ ನನ್ನ ಸೇಬಿನ ಮರವೂ ಕಾಣುತ್ತಿರಲಿಲ್ಲ. ಕಪಿತೊಲಿನಾ ಅಜ್ಜಿ ಬಾವಿಗೆ ಹೋದವಳು ಪಟ್ಟಣದವರ ಮನೆ ಮುಂದೆ ಒಂದು ವ್ಯಾನು ನಿಂತಿರುವುದನ್ನೂ, ಇಬ್ಬರು ಯಾರೋ ಫ್ರಿಜ್ ಹೊತ್ತು ತರುತ್ತಿರುವುದನ್ನೂ ಕಂಡಳು. ಕೂಗಲಿಲ್ಲ, ಅವರ ಹತ್ತಿರ ಹೋಗಲಿಲ್ಲ. ನೇರ ಬೀದಿಯ ತುದಿಗೆ ಹೋಗಿ, ಕೋಳಿ ಓಡಿಸಿ, ಬಕೆಟ್ಟಿನ ಕಬ್ಬಿಣದ ಕೊಕ್ಕೆಯಿಂದ ಆ ಕಂಬಿಯನ್ನು ಬಡಿಯತೊಡಗಿದಳು.

ಆ ಸದ್ದಿಗೆ ಓಡಿಬರುವುದು ನಮ್ಮೂರಿನವರ ಮೂಳೆಯಲ್ಲೇ ಇದೆ. ನಾನು ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಬಕೆಟ್ ಹಿಡಿದು ಓಡಿದೆ. ಎಲ್ಲ ಮನೆಗಳ ಬಾಗಿಲೂ ತೆರೆದುಕೊಂಡವು. ಸಲಿಕೆ, ಬಕೆಟ್, ಏಣಿ, ಒಬ್ಬಳ ಕೈಯಲ್ಲಿ ಹಿಟ್ಟು ನಾದುತ್ತಿದ್ದ ಪಾತ್ರೆ. ಬೆಂಕಿ ಎಲ್ಲಿ, ಬೆಂಕಿ ಎಲ್ಲಿ ಎಂದು ಎಲ್ಲ ಕಡೆಯಿಂದಲೂ ಕೂಗು. ಮಂಜಿನೊಳಗಿಂದ ಊರಿಗೆ ಊರೇ ಬರುತ್ತಿರುವ ಸದ್ದು ಕೇಳಿ ಕಳ್ಳರು ಫ್ರಿಜ್ಜನ್ನು ಕೆಸರಲ್ಲೇ ಬಿಟ್ಟು ವ್ಯಾನು ಹತ್ತಿ ಪರಾರಿಯಾದರು.

ಲಿಯೊನಿದ್ ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಗೊತ್ತೇ? ಹಿಟ್ಟಿನ ಡಬ್ಬಿಯ ಹಿಂದೆ ಬೀಗದ ಕೈ ಹುಡುಕುತ್ತಿದ್ದ! ಅವನು ಪೆಟ್ಟಿಗೆ ತೆಗೆದು, ಪಿಸ್ತೂಲು ಹಿಡಿದು, ಆಲೂಗಡ್ಡೆ ಹೊಲ ಅಡ್ಡ ಹಾಯ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೆ ಅದು ಅವನಿಗೆ ಗೊತ್ತಿಲ್ಲ. ಇನ್ನೊಂದು ಕಡೆಯಿಂದ ವೆನ್ಯಾನೂ ತನ್ನದನ್ನು ಹಿಡಿದು ಓಡಿಬಂದ. ಮಂಜಿನಲ್ಲಿ ಎದುರಿಗೊಂದು ಆಕಾರ, ಅದರ ಕೈಯಲ್ಲಿ ಪಿಸ್ತೂಲು.

"ಯಾರದು? ಮಾತಾಡು, ಇಲ್ದಿದ್ರೆ ಹೊಡೀತೀನಿ!" ಎಂದು ವೆನ್ಯಾ ಕಿರುಚಿದ.

ದನಿ ವೆನ್ಯಾನದೆಂದು ಲಿಯೊನಿದ್‌ಗೆ ಗೊತ್ತಾಯಿತಂತೆ. ಆದರೆ ಎದುರಿಗಿದ್ದ ಆ ಕಪ್ಪು ತೂತನ್ನು ಕಂಡು ಅವನ ನಾಲಿಗೆ ಒಣಗಿ ಅಂಟಿಕೊಂಡಿತಂತೆ. ನಾನು ಕಣೋ ಎನ್ನಬೇಕು, ಅಷ್ಟೇ. ಅಷ್ಟು ಹೇಳಲು ಬಾಯಿ ಬರುತ್ತಿಲ್ಲ. ಆ ಬೆಳಿಗ್ಗೆ ಅವನ ಮೈಮೇಲೆ ಕುರಿ ಚರ್ಮದ ಕೋಟೂ ಇರಲಿಲ್ಲ, ಬರೀ ಅಂಗಿ.

ಕೊನೆಗೆ ಅವನು ಕೈಯಲ್ಲಿದ್ದದ್ದನ್ನು ಕೆಸರಿಗೆ ಎಸೆದು ಎರಡೂ ಕೈ ಮೇಲೆತ್ತಿದ. ನಾನು ಬಕೆಟ್ ಸಮೇತ ಓಡಿಬಂದವಳು ಕಂಡದ್ದು ಆ ನೋಟ. ಥೇಟ್ ಕರಡಿಯ ಹಾಗೆಯೇ ನಿಂತಿದ್ದ.

"ವೆನ್ಯಾ..." ಎಂದ ಕೊನೆಗೂ. "ನಾನು ಕಣೋ."

ವೆನ್ಯಾನ ಕೈ ಕೆಳಗಿಳಿಯಿತು. ಅಷ್ಟು ದೊಡ್ಡ ಗಂಡಸು ಒದ್ದೆ ಹುಲ್ಲಿನ ಮೇಲೆ ಕೂತು ಮಗುವಿನಂತೆ ಅತ್ತುಬಿಟ್ಟ. "ಹೊಡೆದೇಬಿಡ್ತಿದ್ದೆ ಕಣೋ ಲ್ಯೋನ್ಯಾ. ಬೆರಳು ಅದರ ಮೇಲೇ ಇತ್ತು. ಹೊಡೆದೇಬಿಡ್ತಿದ್ದೆ." ಲಿಯೊನಿದ್ ಅವನ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿದ. ಆಚೆ ಅಜ್ಜಿ ಇನ್ನೂ ಕಂಬಿ ಬಡಿಯುತ್ತಲೇ ಇದ್ದಳು. ನಿಲ್ಲಿಸು ಎಂದು ಅವಳಿಗೆ ಹೇಳುವುದೇ ಎಲ್ಲರಿಗೂ ಮರೆತಿತ್ತು.

ಅಂದೇ ಲಿಯೊನಿದ್ ಅತ್ತೆಯ ಮನೆಗೆ ಹೋದ. ಈ ಸಲ ತಲೆ ಎತ್ತಿ ಮಾತಾಡಿದ.

"ಅತ್ತೇ, ಆವತ್ತು ನೀವು ನನ್ನ ಎದುರಿಗೆ ನಿಂತಾಗ ನಿಮಗೆ ಏನನ್ನಿಸ್ತು ಅಂತ ನಾನು ಕೇಳ್ಲೇ ಇಲ್ಲ. ಕೇಳೋ ಧೈರ್ಯ ಇರಲಿಲ್ಲ."

"ನನಗೇನು ಅನ್ಸುತ್ತೆ? ಪೊರಕೆ ಅಂದ್ಕೊಂಡಿದ್ದೆ" ಎಂದಳು ಅಜ್ಜಿ. "ನಿನಗೆ ಇವತ್ತು ಏನನ್ನಿಸ್ತು?"

"ರಿಮ್ಮಾ ನೆನಪಾದ್ಲು. ನೀವು ನೆನಪಾದ್ರಿ. ಕಳ್ಳ ಮಾತ್ರ ನೆನಪಾಗ್ಲಿಲ್ಲ."

ಮಾರನೆಯ ದಿನ ಬಸ್ಸಿನಲ್ಲಿ ಜಿಲ್ಲಾ ಪಟ್ಟಣಕ್ಕೆ ಹೋದವರು ಲಿಯೊನಿದ್, ವೆನ್ಯಾ, ಅವರಿಬ್ಬರಿಗೂ ಕಾವಲಾಗಿ ರಿಮ್ಮಾ. ಠಾಣೆಯಲ್ಲಿ ಕಾಗದಪತ್ರದ ಸಮೇತ ಎರಡನ್ನೂ ಒಪ್ಪಿಸಿ ಬಂದರು. ಮರಗೆಲಸದವನು ವಾರದ ಮೇಲೆ ಹೋದ. ಹೆಂಡತಿ ಅಟ್ಟಿದಳು ಎಂದು ಊರು ಹೇಳುತ್ತದೆ, ತಾನಾಗಿಯೇ ಹೋದೆ ಎಂದು ಅವನು ಹೇಳುತ್ತಾನೆ. ಪಟ್ಟಣದಿಂದ ಬರುವಾಗ ಲಿಯೊನಿದ್ ಸ್ನಾನದ ಮನೆಗೆ ಒಳ್ಳೆಯದೊಂದು ಬೀಗ ತಂದ. ಪಟ್ಟಣದವರ ಮನೆ ಮುಂದೆ ದೀಪ ಹಾಕಿಸುವ ಕೆಲಸ ವೆನ್ಯಾ ವಹಿಸಿಕೊಂಡ. ಕಂಬಿಗೆ ಒಂದು ಹೊಸ ಸುತ್ತಿಗೆ ಕಟ್ಟಿದೆವು, ಕೋಳಿ ಕೂರದಂತೆ ಮೇಲೊಂದು ಹಲಗೆ ಬಡಿದೆವು. ಅಂಗಡಿಯ ಸಾಲಿನಲ್ಲಿ ಮತ್ತೆ ಜಗಳ ಶುರುವಾಗಿದೆ, ದೇವರ ದಯೆ.

ಮತ್ತೆ ವೇಷದ ದಿನಗಳು ಬಂದವು. ನಾವು ಮೂವರೂ ಲಿಯೊನಿದ್‌ನ ಮುಂಬಾಗಿಲಿಗೆ ಹೋದೆವು. ಅಜ್ಜಿ ಬಾಗಿಲ ಮುಂದೆ ಒಂದು ಕ್ಷಣ ನಿಂತಳು. ತುಪ್ಪಳದ ಕೈ ತಾನಾಗಿಯೇ ಪಕ್ಕೆಯ ಮೇಲೆ ಹೋಯಿತು. ಅವಳಿಗೂ ಭಯವಿತ್ತು, ನನಗೆ ಕಂಡಿತು. ಆಮೇಲೆ ಬಾಗಿಲು ತಳ್ಳಿದಳು. ಅಗುಳಿ ಹಾಕಿರಲಿಲ್ಲ.

ಒಳಗೆ ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಲಿಯೊನಿದ್ ನಡುಮನೆಯಲ್ಲಿ ಪೊರಕೆ ಹಿಡಿದು ನಿಂತಿದ್ದ. "ಯಾರದು? ಮಾತಾಡು, ಇಲ್ದಿದ್ರೆ..." ಮುಂದಿನ ಮಾತು ಬರಲೇ ಇಲ್ಲ.

ಕರಡಿ ಕಾಯಿತು. ಆಮೇಲೆ ಗುರ್ರೆಂದು ಎರಡೂ ಕೈ ಎತ್ತಿ ಅವನ ಮೇಲೇ ಹೋಯಿತು. ಪೊರಕೆ ಕೆಳಗೆ ಬಿತ್ತು. ಅವನು ಆ ತುಪ್ಪಳವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕಣ್ಣೀರು ಸುರಿಸುತ್ತಾ ಊಹಿಸತೊಡಗಿದ.

"ಯಾರಿರಬಹುದಪ್ಪಾ? ವೆನ್ಯಾನಾ?"

ಕರಡಿ ತಲೆಯಾಡಿಸಿತು, ಅಲ್ಲ.

"ಝೋಯಕ್ಕನಾ? ಅಂಗಡಿಯವಳಾ?"

ಅಲ್ಲ, ಅಲ್ಲ. ಊರಿನಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಅವನು ಹೇಳಿದ, ಅತ್ತೆಯ ಹೆಸರೊಂದನ್ನು ಬಿಟ್ಟು. ಹೇಳಿಬಿಟ್ಟರೆ ಆಟ ಮುಗಿಯುತ್ತದೆ, ಕರಡಿಯನ್ನು ತಬ್ಬಿದ ಕೈ ಬಿಡಬೇಕಾಗುತ್ತದೆ. ಒಲೆಯ ಮೇಲಿದ್ದ ಪಿರೋಗ್ ಆರಿ ತಣ್ಣಗಾದರೂ ಅವನು ಬಿಡಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅಂಥದೊಂದು ರಬ್ಬರ್ ಗುಂಡಿನ ಪಿಸ್ತೂಲು ಇರಬಹುದು. ತಂದವರು ಕೆಟ್ಟವರಲ್ಲ, ನಿಮ್ಮ ಮೇಲಿನ ಪ್ರೀತಿಗೇ ತಂದಿರುತ್ತಾರೆ. ಅವರನ್ನು ಹಂಗಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳಿ. ಅದು ಕೊಲ್ಲುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಬಾಗಿಲಿಗೆ ಒಳ್ಳೆಯ ಬೀಗ ಹಾಕಿ, ಬೀದಿಗೆ ದೀಪ ಹಾಕಿಸಿ, ಪಕ್ಕದ ಮನೆಯವರ ಫೋನ್ ನಂಬರ್ ಗೋಡೆಗೆ ಅಂಟಿಸಿ, ಕಳ್ಳರನ್ನು ಕಂಡರೆ ಪೊಲೀಸರನ್ನು ಕರೆಯಿರಿ, ಊರನ್ನು ಕರೆಯಿರಿ. ಪಿಸ್ತೂಲನ್ನು ಠಾಣೆಗೆ ಕ್ರಮವಾಗಿ ಒಪ್ಪಿಸಿಬನ್ನಿ. ಕತ್ತಲಲ್ಲಿ ನಿಮ್ಮ ಬಾಗಿಲಿಗೆ ಬಂದು ನಿಲ್ಲುವವರಲ್ಲಿ ಕಳ್ಳರಿಗಿಂತ ನಿಮ್ಮವರೇ ಹೆಚ್ಚು. ಅವರು ಬಂದಾಗ ನಿಮ್ಮ ಕೈಯಲ್ಲಿ ಪೊರಕೆಯೇ ಇರಲಿ.